ಮೆಚ್ಚಿನ ಕಾದಂಬರಿ, ಸಿನಿಮಾ ಬಗ್ಗೆ ಗೆಳೆಯರ ಜೋಡಿ ಜಗಳಿಲ್ದೆ ಮಾತಾಡೂದು ಹೆಂಗ?

ಗೆಳೆಯರು ಕೂಡಿದ್ರ ಪ್ರತಿ ಸಲ ಪುಸ್ತಕಾನೇ ಚಲೋ, ಇಲ್ಲ ಪಿಚ್ಚರೇ ಚಲೋ ಅಂತ ಜಗಳಕ್ಕ ಬರ್ತದ, ಏನ್ ಮಾಡೂದು ಅಂತ ಕೇಳೀರಿ. ನಾವು ಕಲಬುರಗ್ಯಾಗ ನಾಕೈದು ಮಂದಿ ಐತವಾರ ಸಂಜಿಗಿ ಪಬ್ಲಿಕ್ ಗಾರ್ಡನ್‌ದಾಗ ಕೂಡ್ತೀವ್ರಿ, ಯಾವ್ದು ಚಲೋ ಅಂತ ಕೇಳಿದ್ರ ಮಾತು ಅಲ್ಲಿಗೇ ಕಡೀತದ. ಅದರ ಬದ್ಲಿ ಸಿನಿಮಾದವ್ರು ಏನ್ ಬಿಟ್ಟಾರ, ಯಾಕ ಬಿಟ್ಟಾರ ಅಂತ ಕೇಳಿ ನೋಡ್ರಿ, ತಾಸುಗಟ್ಲೆ ಮಾತಾಡ್ತಾರ.

ನಾಗರಹಾವು ತಗೋರಿ. 1972ರಾಗ ಪುಟ್ಟಣ್ಣ ಕಣಗಾಲ್ ತಗದಿದ್ದು. ತ.ರಾ.ಸು. ಅವರ ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ ಅಂತ ಮೂರು ಕಾದಂಬರಿ ಸೇರ್ಸಿ ಒಂದೇ ಸಿನಿಮಾ ಮಾಡ್ಯಾರ, ಅಂದಮ್ಯಾಲ ಓದಿದವ್ರಿಗಿ ಏನೋ ಕೈಬಿಟ್ಟಂಗ ಅನಸೂದೇ. ತ.ರಾ.ಸು. ಅವರಿಗೇ ಸಮಾಧಾನ ಆಗಿರ್ಲಿಲ್ಲ, ನಾಗರಹಾವು ಹೋಗಿ ಕೇರೆಹಾವು ಮಾಡ್ಯಾರ ಅಂದಿದ್ರು ಅಂತ ಮಂದಿ ಇವತ್ತಿಗೂ ಹೇಳ್ತಾರ. ಆದ್ರ ಚಾಮಯ್ಯ ಮೇಷ್ಟ್ರಾಗಿ ಅಶ್ವಥ್ ಅವರನ್ನ ಒಮ್ಮಿ ನೋಡಿದ್ಮ್ಯಾಲ ಪುಸ್ತಕ ಓದೂವಾಗೂ ಅವರ ಮುಖಾನೇ ಬರ್ತದ್ರಿ. ಇದು ಲಾಭಾನೊ ಲುಕ್ಸಾನೊ? ನಮ್ಮ ಗುಂಪಿನ್ಯಾಗ ಒಬ್ಬಾಕಿ ಲುಕ್ಸಾನೇ ಅಂತಾಳ, ಓದೋರು ತಮ್ಮ ಮನಸಿನ್ಯಾಗ ತಾವೇ ಒಂದ್ ಮುಖ ಕಟ್ಕೋಬೇಕಂತ. ನಾ ಒಪ್ಪಂಗಿಲ್ಲ, ಅಶ್ವಥ್ ಅವರಿಂದ ಆ ಮೇಷ್ಟ್ರು ನಂಗ ಇನ್ನಷ್ಟು ಸನಿ ಆಗ್ಯಾರ.

ಶಿವರಾಮ ಕಾರಂತರ ಕಾದಂಬರಿ ಮ್ಯಾಲ ತಗದ ಚೋಮನ ದುಡಿ ಸಿನಿಮಾ ಬಗ್ಗೆ ಮಾತ್ರ ನಮ್ಮಲ್ಲಿ ತಕರಾರೇ ಇಲ್ಲ, ಚೋಮನಾಗಿ ವಾಸುದೇವರಾವ್ ಅವರಿಗಿ ರಾಷ್ಟ್ರಪ್ರಶಸ್ತಿ ಬಂದಿದ್ದು ಬರೋಬ್ಬರಿ ಅದ.

ಇನ್ನೊಂದು, ನಿಮ್ಮ ಸೀಮಿ ಲೇಖಕರನ್ನ ಮಾತಿಗಿ ತರ್ರಿ. ನಮ್ಮ ಗೀತಾ ನಾಗಭೂಷಣ ಅವರ ಹಸಿಮಾಂಸ ಮತ್ತು ಹದ್ದುಗಳು ಕಾದಂಬರಿ ಹೆಣ್ಣಿನ ಕೂಗು ಅಂತ ಸಿನಿಮಾ ಆಗ್ಯದ. ಅವರ ಬದುಕು ಕಾದಂಬರಿಗಿ 2004ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಕನ್ನಡದ ಹೆಣ್ಮಕ್ಕಳೊಳಗ ಆ ಪ್ರಶಸ್ತಿ ತಗೊಂಡವ್ರು ಇವರೇ ಮೊದಲು. ಅದರಾಗಿರೂದು ನಮ್ಮ ಕಡಿ ಬಡವರು, ದುಡ್ಯೋ ಹೆಣ್ಮಕ್ಕಳು, ನಮ್ಮ ಓಣ್ಯಾಗಿನ ಮಾತು, ಬೈಗುಳ ಸಮೇತ. ಓದೂದೇ ಬ್ಯಾಸರ ಅನ್ನೋರ ಮುಂದ ಇದರ ಒಂದ್ ಪುಟ ಜೋರಾಗಿ ಓದಿ ತೋರ್ಸಿದ್ರ ಕಿವಿ ಕೊಟ್ಟು ಕುಂದರ್ತಾರ.

ಇದನ್ನ ಸಿನಿಮಾ ತಗದ್ರ ಯಾರ್ ಯಾವ ಪಾರ್ಟ್ ಮಾಡ್ಬೇಕು ಅಂತ ನಾವು ಭಾಳ ಸಲ ಮಾತಾಡೀವಿ. ನಂದು ಒಂದೇ ಹಟ, ಮಾತು ಕಲಬುರಗಿದೇ ಇರ್ಬೇಕು, ಬೆಂಗಳೂರು ಕನ್ನಡಕ್ಕ ತಿರುಗ್ಸಿದ್ರ ಆ ಮಂದಿನೇ ಬ್ಯಾರೆ ಆಗ್ತಾರ. ನಿಮ್ಮ ಗೆಳೆಯರಿಗೂ ಇಂಥಾದೊಂದು ಪುಸ್ತಕ ಕೊಟ್ಟು ಪಾರ್ಟ್ ಹಂಚ್ಲಕ ಹೇಳ್ರಿ, ಬರೇ ಸಿನಿಮಾ ನೋಡ್ದವ್ರಿಗಿ ಮೊದಲು ಮಾತಾಡ್ಲಕ ಬಿಡ್ರಿ, ಓದ್ದವ್ರು ಆಮ್ಯಾಲ.