ಬಿಗ್ ಬೋರ್ ಹಾಕಿಸಿದ ಎಟಿವಿಯ ಬೆಲ್ಟ್ ಯಾಕೆ ಸುಡುತ್ತದೆ?

ಮಳೆಗಾಲ ಮುಗಿದು ಕಡಲ ಕರೆಯಲ್ಲಿ ಎಟಿವಿ (ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ) ಓಡಾಟ ಶುರುವಾದರೆ ಸಾಕು, ಒಂದೇ ಪ್ರಶ್ನೆ ನಾನಾ ವೇಷದಲ್ಲಿ ಬರುತ್ತದೆ. ಬಿಗ್ ಬೋರ್ (ಅಗಲಿಸಿದ ಸಿಲಿಂಡರ್, ದೊಡ್ಡ ಪಿಸ್ಟನ್) ಹಾಕಿಸದವರು ‘ಪವರ್ ಸಾಲುವುದಿಲ್ಲ’ ಎನ್ನುತ್ತಾರೆ, ಹಾಕಿಸಿದವರು ‘ಬೆಲ್ಟ್ ನಿಲ್ಲುವುದಿಲ್ಲ’ ಎನ್ನುತ್ತಾರೆ. ಎರಡಕ್ಕೂ ಉತ್ತರ ಕ್ಲಚ್ ಕವರಿನೊಳಗೇ ಇದೆ, ಆದರೆ ಅದನ್ನು ಬಿಚ್ಚಿ ನೋಡುವವರು ಕಡಿಮೆ. ಸಿವಿಟಿ ಬಗ್ಗೆ ಇಷ್ಟು ನೆನಪಿರಲಿ: ಎಂಜಿನ್ ಕಡೆಯ ಪ್ರೈಮರಿ, ಚಕ್ರದ ಕಡೆಯ ಸೆಕೆಂಡರಿ ಎಂಬ ಎರಡು ಕ್ಲಚ್ಚುಗಳ ಇಳಿಜಾರು ತಟ್ಟೆಗಳ (ಶೀವ್) ನಡುವೆ ಬೆಲ್ಟ್ ಓಡುತ್ತದೆ. ಪ್ರೈಮರಿಯ ವೇಟುಗಳು ಸುತ್ತುವ ರಭಸಕ್ಕೆ ತಟ್ಟೆಯನ್ನು ಒತ್ತುತ್ತವೆ, ಸೆಕೆಂಡರಿಯಲ್ಲಿ ಸ್ಪ್ರಿಂಗ್ ಮತ್ತು ಹೆಲಿಕ್ಸ್ (ಓರೆ ಹಾದಿಯ ತುಂಡು) ಇರುತ್ತವೆ.

ಪ್ರಶ್ನೆ: ಮಲ್ಪೆಯಲ್ಲಿ ಓಡಿಸುವ ನನ್ನ ಪೋಲಾರಿಸ್ 570ಕ್ಕೆ 102 ಎಂಎಂ ಪಿಸ್ಟನ್ ಕಿಟ್ ಹಾಕಿಸಿದ್ದೇನೆ. ಆರ್‌ಪಿಎಂ ಮೊದಲಿಗಿಂತ ಮೇಲೆ ಹೋಗುತ್ತದೆ, ಆದರೆ ಹೊಯಿಗೆಯಲ್ಲಿ ಎಳೆತ ಹೆಚ್ಚಾಗಿಲ್ಲ. ಈಗಾಗಲೇ ಎರಡು ಬೆಲ್ಟ್ ಸುಟ್ಟಿದೆ. ಪ್ರೈಮರಿಗೆ ಇನ್ನೂ ಹಗುರ ವೇಟ್, ಸೆಕೆಂಡರಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಹೌದಾ?

ಅಲ್ಲ. ವೇಟ್ ಹಗುರ ಮಾಡಿದರೆ ಮೂರನೆಯ ಬೆಲ್ಟ್ ಕೂಡ ಹೋಗುತ್ತದೆ.

ಮೊದಲು ಕಿಟ್ ಕೊಟ್ಟದ್ದು ಎಷ್ಟು ಎಂದು ನೋಡಿ. ನಿಮ್ಮ ಎಂಜಿನಿನ ಬೋರ್ (ಸಿಲಿಂಡರಿನ ವ್ಯಾಸ) 99 ಎಂಎಂ, ಸ್ಟ್ರೋಕ್ (ಪಿಸ್ಟನ್ ಸಾಗುವ ದೂರ) 73.5 ಎಂಎಂ. ಅದು 102 ಎಂಎಂ ಆದಾಗ ಸಿಸಿ ಸುಮಾರು 566ರಿಂದ 600ಕ್ಕೆ ಏರುತ್ತದೆ, ಅಂದರೆ 6% ಹೆಚ್ಚಳ. ಅಷ್ಟು ದುಡ್ಡು ಸುರಿದು ಸಿಕ್ಕಿದ್ದು ಇಷ್ಟೇ. ಹೆಡ್, ಕ್ಯಾಮ್, ಥ್ರಾಟಲ್ ಬಾಡಿ ಹಳೆಯದೇ ಇರುವುದರಿಂದ ಹೆಚ್ಚಿನ ಟಾರ್ಕ್ ಕೆಳಗಿನ ಮತ್ತು ಮಧ್ಯದ ಆರ್‌ಪಿಎಂನಲ್ಲಿ ಸಿಗುತ್ತದೆ. ಪೂರ್ತಿ ಪವರ್ ಸಿಗುವ ಆರ್‌ಪಿಎಂ ಏರುವುದಿಲ್ಲ, ಸಾಮಾನ್ಯವಾಗಿ ತುಸು ಇಳಿಯುತ್ತದೆ. ನಿಮ್ಮ ಎಂಜಿನ್ ಮೊದಲಿಗಿಂತ ಮೇಲೆ ಕೂಗುತ್ತಿದೆ ಎಂದರೆ ಪವರ್ ಇರುವ ಜಾಗ ದಾಟಿ ಹೋಗಿದೆ. ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಪ್ರೈಮರಿಯ ವೇಟ್.

ವೇಟ್ ಮಾಡುವ ಕೆಲಸ ಬೆಲ್ಟನ್ನು ಅದುಮಿ ಹಿಡಿಯುವುದು. ಹಗುರವಾದಷ್ಟೂ ಅದೇ ಆರ್‌ಪಿಎಂನಲ್ಲಿ ಹಿಡಿತ ಕಡಿಮೆ. ಟಾರ್ಕ್ ಹೆಚ್ಚಿಸಿ ಹಿಡಿತ ಇಳಿಸಿದರೆ ಬೆಲ್ಟ್ ಜಾರುತ್ತದೆ, ಜಾರಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಮೆರುಗು ಹಿಡಿದು ಇನ್ನೂ ಜಾರುತ್ತದೆ. ಸೆಕೆಂಡರಿ ಸ್ಪ್ರಿಂಗ್ ಗಟ್ಟಿ ಮಾಡಿದರೆ ಆರ್‌ಪಿಎಂ ಇನ್ನೂ ಏರುತ್ತದೆ, ಅಪ್‌ಶಿಫ್ಟ್ (ಮೇಲಿನ ಅನುಪಾತಕ್ಕೆ ಏರುವುದು) ತಡವಾಗುತ್ತದೆ, ಶಾಖ ಹೆಚ್ಚುತ್ತದೆ. ನಿಮಗೆ ಸಿಕ್ಕಿದ ಎರಡೂ ಸಲಹೆ ಸ್ಟಾಕ್ ಎಂಜಿನಿಗೆ ದೊಡ್ಡ ಟೈರ್ ಹಾಕಿದವರಿಗೆ ಹೇಳುವಂಥದ್ದು. ಬೇರೆಯವರ ಔಷಧ ನಿಮ್ಮ ಕಾಯಿಲೆಗೆ ಆಗುವುದಿಲ್ಲ.

ಮಾಡಬೇಕಾದ ಕ್ರಮ ಹೀಗೆ. ಪ್ರೈಮರಿ ಬಿಚ್ಚುವ ಮುಂಚೆ ಕವರ್, ಸ್ಪೈಡರ್ (ರೋಲರ್ ಹೊತ್ತ ಭಾಗ), ಶೀವ್ ಮೂರರ ಮೇಲೂ ಮಾರ್ಕರಿನಲ್ಲಿ ಒಂದೇ ಸಾಲಿನ ಗುರುತು ಹಾಕಿ. ಗುರುತು ತಪ್ಪಿಸಿ ಕೂರಿಸಿದರೆ ಬ್ಯಾಲೆನ್ಸ್ ಹೋಗಿ ಕ್ರ್ಯಾಂಕ್ ಬೇರಿಂಗಿಗೆ ಪೆಟ್ಟು. ಒಳಗೆ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ, ಬೋಲ್ಟುಗಳನ್ನು ಒಂದೊಂದು ಸುತ್ತಿನಂತೆ ಸಮವಾಗಿ ಸಡಿಲಿಸಿ. ವೇಟುಗಳನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ. ಒಂದಕ್ಕೊಂದು 0.2 ಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸೆಟ್ಟೇ ಬದಲಿಸಿ. ವೇಟಿನ ಬೆನ್ನು ರೋಲರ್ ತಾಗುವ ಕಡೆ ಚಪ್ಪಟೆಯಾಗಿದ್ದರೆ ಅಲ್ಲಿಗೆ ಟ್ಯೂನಿಂಗ್ ಮಾತು ಬಿಡಿ, ಸವೆದ ಭಾಗ ಮೊದಲು ಬದಲಾಗಲಿ. ಬುಷ್, ರೋಲರ್ ಪಿನ್ ಕೂಡ ನೋಡಿ. ಕಡಲ ಕರೆಯ ಗಾಡಿಯಲ್ಲಿ ಉಪ್ಪು ಸೇರಿ ಇವು ಕಚ್ಚಿಕೊಳ್ಳುವುದೇ ಹೆಚ್ಚು.

ವೇಟಿನ ಲೆಕ್ಕ ಸುಲಭ: ತೂಕವನ್ನು ಆರ್‌ಪಿಎಂನ ವರ್ಗದಿಂದ ಗುಣಿಸಿದ ಸಂಖ್ಯೆ ಸರಿಸುಮಾರು ಬದಲಾಗುವುದಿಲ್ಲ. 52 ಗ್ರಾಂ ವೇಟಿಗೆ 7000 ಆರ್‌ಪಿಎಂ ಬರುತ್ತಿದ್ದರೆ 54 ಗ್ರಾಮಿಗೆ ಸುಮಾರು 6870 ಬರುತ್ತದೆ. ಎರಡು ಗ್ರಾಮಿಗೆ ಸುಮಾರು 130 ಇಳಿಕೆ ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ ಎರಡೇ ಗ್ರಾಂ ಏರಿಸಿ, ಗಟ್ಟಿ ನೆಲದಲ್ಲಿ ಹೈ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ಎಲ್ಲಿ ನಿಲ್ಲುತ್ತದೆ ಎಂದು ಬರೆದಿಡಿ. ವೇಗ ಏರುವಾಗ ಆರ್‌ಪಿಎಂ ಒಂದೇ ಕಡೆ ನಿಂತಿರಬೇಕು. ತೇಲಿ ಮೇಲೆ ಹೋದರೆ ವೇಟ್ ಸಾಲದು, ಕುಸಿದರೆ ಹೆಚ್ಚಾಯಿತು. ಈ ಹಂತದಲ್ಲಿ ಸ್ಪ್ರಿಂಗ್, ಹೆಲಿಕ್ಸ್ ಮುಟ್ಟಬೇಡಿ. ಎರಡು ಭಾಗ ಒಟ್ಟಿಗೆ ಬದಲಿಸಿದರೆ ಯಾವುದು ಏನು ಮಾಡಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಆರ್‌ಪಿಎಂ ಏರಿದ್ದು ಬೆಲ್ಟ್ ಜಾರಿಯೋ, ವೇಟ್ ಹಗುರವಾಗಿಯೋ? ಪ್ರೈಮರಿಯ ಶೀವ್ ಮುಖದ ಮೇಲೆ ಒಳಗಿನಿಂದ ಹೊರ ಅಂಚಿನವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಒಂದು ಓಟ ಓಡಿಸಿ ಬಂದು ನೋಡಿ. ಬೆಲ್ಟ್ ಎಲ್ಲಿಯವರೆಗೆ ಹತ್ತಿದೆಯೋ ಅಲ್ಲಿಯವರೆಗೆ ಗೆರೆ ಅಳಿಸಿರುತ್ತದೆ. ಹೊರ ಅಂಚಿನ ಹತ್ತಿರ ಗೆರೆ ದಪ್ಪವಾಗಿ ಉಳಿದಿದ್ದರೆ ಕ್ಲಚ್ ಪೂರ್ತಿ ಶಿಫ್ಟ್ ಆಗುತ್ತಿಲ್ಲ. ಒಳಭಾಗದಲ್ಲೇ ಕಪ್ಪು ಪಟ್ಟಿ, ರಬ್ಬರ್ ಮೆತ್ತಿದ ಕಲೆ ಕಂಡರೆ ಹೊರಡುವಾಗಲೇ ಜಾರುತ್ತಿದೆ. ಬೆಲ್ಟಿನಲ್ಲಿ ಒಂದೇ ಜಾಗ ಸೊಂಟದಂತೆ ಸಣ್ಣದಾಗಿದ್ದರೆ ಚಕ್ರ ಹೂತಾಗ ನಿಂತಲ್ಲೇ ಥ್ರಾಟಲ್ ತಿರುವಿದ್ದಾರೆ. ಅದಕ್ಕೆ ಯಾವ ವೇಟೂ ಮದ್ದಲ್ಲ. ಪ್ರವಾಸಿಗರ ಕೈಗೆ ಗಾಡಿ ಕೊಡುವವರು ಮೊದಲು ಹುಡುಕಬೇಕಾದದ್ದು ಇದೇ ಗುರುತನ್ನು.

ವೇಟ್ ಸರಿಯಾದ ಮೇಲೆ ಸೆಕೆಂಡರಿ. ಥ್ರಾಟಲ್ ಬಿಟ್ಟು ಮತ್ತೆ ಕೊಟ್ಟಾಗ ಗಾಡಿ ತಡವರಿಸಿದರೆ ಮಾತ್ರ ಸ್ಪ್ರಿಂಗ್ ಒಂದು ಹಂತ ಗಟ್ಟಿಯಾಗಲಿ. ಹೆಲಿಕ್ಸ್ ಕೋನ ಕಡಿಮೆಯಾದರೆ ಬ್ಯಾಕ್‌ಶಿಫ್ಟ್ (ಕೆಳಗಿನ ಅನುಪಾತಕ್ಕೆ ಮರಳುವುದು) ಚುರುಕಾಗುತ್ತದೆ, ಹೆಚ್ಚಾದರೆ ಅಪ್‌ಶಿಫ್ಟ್ ಬೇಗ ಆಗುತ್ತದೆ. 6% ಪವರಿಗೆ ಸಾಮಾನ್ಯವಾಗಿ ಹೆಲಿಕ್ಸ್ ಬದಲಿಸುವ ಅಗತ್ಯವೇ ಬರುವುದಿಲ್ಲ.

ಸಡಿಲ ಹೊಯಿಗೆಯಲ್ಲಿ, ಗಂಟೆಗೆ 10–11 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ, ಇಬ್ಬರು ಕೂತಾಗ ಲೋ ಗೇರ್ ಕಡ್ಡಾಯ. ಟೈರಿನ ಗಾಳಿ 5 ಪಿಎಸ್‌ಐ ಇದ್ದರೆ 4ಕ್ಕೆ ಇಳಿಸಿ ನೋಡಿ. ತೀರಾ ಇಳಿಸಿದರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಬರುತ್ತದೆ. ಇವೆರಡು ಮಾಡಿದ್ದರೆ ನಿಮಗೆ ಬಿಗ್ ಬೋರೇ ಬೇಕಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಬೆಲ್ಟನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಶೀವ್ ಮುಖವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹಾಕಿ. ಮೊದಲ 80 ಕಿ.ಮೀ. ಪೂರ್ತಿ ಥ್ರಾಟಲ್ ಬೇಡ.

ಎಂಜಿನ್ ಕಡೆ ನೀವು ಕೇಳದ ಮಾತೂ ಇದೆ. ಕಂಬಶ್ಚನ್ ಚೇಂಬರ್ ಹಾಗೆಯೇ ಇದ್ದರೆ 10:1 ಕಂಪ್ರೆಶನ್ ಸುಮಾರು 10.5:1 ಆಗಿರುತ್ತದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿಗಿಂತ ಸುಮಾರು 8% ಹೆಚ್ಚು ಇಂಧನ ಕೇಳುತ್ತದೆ. ಅದರ ಮೇಲೆ ಬೋರಿನ 6% ಹೆಚ್ಚು ಗಾಳಿ. ಇಸಿಯುಗೆ (ಎಂಜಿನಿನ ಕಂಪ್ಯೂಟರ್) ಇದೆಲ್ಲ ತಾನಾಗಿ ಗೊತ್ತಾಗುವುದಿಲ್ಲ. ಫ್ಯೂಯೆಲ್ ಕಂಟ್ರೋಲರ್ ಹಾಕಿಸಿ, ವೈಡ್‌ಬ್ಯಾಂಡ್ ಸೆನ್ಸರಿನಲ್ಲಿ ಪೂರ್ತಿ ಥ್ರಾಟಲಿಗೆ ಲ್ಯಾಂಬ್ಡಾ (ಗಾಳಿ-ಇಂಧನ ಅನುಪಾತದ ಅಳತೆ) 0.87–0.89 ನಡುವೆ ಇರುವಂತೆ ಮಾಡಿಸಿ. ಅದಾಗುವವರೆಗೆ ಪೂರ್ತಿ ಥ್ರಾಟಲ್ ಪರೀಕ್ಷೆಯನ್ನೂ ಮಾಡಬೇಡಿ, ಪಿಸ್ಟನ್ ಕರಗಬಹುದು. ಹೆಡ್ ಗ್ಯಾಸ್ಕೆಟ್ 102 ಎಂಎಂ ಬೋರಿನದ್ದೇ ಹಾಕಿದ್ದಾರೆಯೇ ಎಂದು ಕೇಳಿ. ಹಳೆಯ ಅಳತೆಯದ್ದಾದರೆ ಅದರ ಅಂಚು ಸಿಲಿಂಡರಿನೊಳಗೆ ಚಾಚಿ ಕೆಂಪಗೆ ಕಾಯುತ್ತದೆ. ಟಾಪ್ ರಿಂಗ್ ಗ್ಯಾಪ್ (ಪಿಸ್ಟನ್ನಿನ ಮೇಲಿನ ರಿಂಗಿನ ತುದಿಗಳ ನಡುವಿನ ಸಂದು) ಎಷ್ಟು ಬಿಟ್ಟರೆಂದೂ ಕೇಳಿ. ಈ ಬೋರಿಗೆ ಸುಮಾರು 0.40 ಎಂಎಂ ಬೇಕು, ಕಿಟ್ಟಿನ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಅಂತಿಮ. ‘ನೋಡಲಿಲ್ಲ’ ಎಂಬ ಉತ್ತರ ಬಂದರೆ ಎಂಜಿನ್ ಮತ್ತೆ ಬಿಚ್ಚಬೇಕು.

ಪ್ರಶ್ನೆ: ಬೈಕಂಪಾಡಿ ಕಡೆ ಲೇತಿನಲ್ಲಿ ಸ್ಕೂಟರ್ ಬ್ಲಾಕ್ ಬೋರ್ ಮಾಡಿಸಿದಂತೆ ಎಟಿವಿ ಬ್ಲಾಕನ್ನೂ ಮಾಡಿಸಬಹುದೇ?

ಬೀಡು ಕಬ್ಬಿಣದ ಸ್ಲೀವ್ ಇದ್ದರೆ ಧಾರಾಳ ಮಾಡಿಸಿ. ಪಿಸ್ಟನ್ ಕೈಯಲ್ಲಿ ಕೊಟ್ಟು ಅದರ ಅಳತೆಗೇ ಬೋರ್ ಮಾಡಿಸಿ, ಡಬ್ಬದ ಮೇಲಿನ ನಂಬರಿಗಲ್ಲ. ನಿಕಾಸಿಲ್ ಲೇಪನದ ಅಲ್ಯೂಮಿನಿಯಂ ಬ್ಲಾಕಾದರೆ ಬೋರ್ ಮಾಡಿದ ಕ್ಷಣ ಲೇಪನ ಹೋಯಿತು. ಮರುಲೇಪನ ಅಥವಾ ಸ್ಲೀವ್ ಇಲ್ಲದೆ ಅದನ್ನು ಓಡಿಸುವ ಹಾಗಿಲ್ಲ. ‘ಹಾಗೆಯೇ ನಡೆಯುತ್ತದೆ’ ಎನ್ನುವವರ ಮಾತು ನಂಬಬೇಡಿ.

ಪ್ರಶ್ನೆ: ಬೆಳ್ತಂಗಡಿಯ ಅಡಿಕೆ ತೋಟದಲ್ಲಿ 110 ಸಿಸಿ ಸಣ್ಣ ಆಟೋಮ್ಯಾಟಿಕ್ ಎಟಿವಿ ಇದೆ. ಹೊರಡುವಾಗ ನಡುಗುತ್ತದೆ, ಜಾರುತ್ತದೆ. ಬೆಲ್ಟ್ ಬದಲಿಸಬೇಕೇ?

ಈ ಅಳತೆಯ ಹೆಚ್ಚಿನ ಗಾಡಿಗಳಲ್ಲಿ ಬೆಲ್ಟೇ ಇರುವುದಿಲ್ಲ. ಅವುಗಳಲ್ಲಿರುವುದು ಆಯಿಲಿನಲ್ಲಿ ಮುಳುಗಿ ತಿರುಗುವ ಸೆಂಟ್ರಿಫ್ಯೂಗಲ್ ಕ್ಲಚ್ (ವೇಗ ಏರಿದಾಗ ತಾನಾಗಿ ಹಿಡಿಯುವಂಥದ್ದು). ಕಾರಿನ ಆಯಿಲ್ ಹಾಕಿದ್ದರೆ ತೆಗೆದು ಜಾಸೊ ಎಂಎ ಗುರುತಿನ ಬೈಕ್ ಆಯಿಲ್ ಹಾಕಿ. ಆಮೇಲೂ ಜಾರಿದರೆ ಕ್ಲಚ್ ಶೂ ಸವೆದಿದೆ.

ಪ್ರಶ್ನೆ: ಚಿಕ್ಕಮಗಳೂರಿನ ಸ್ನೇಹಿತನ ಗಾಡಿ ಚೆನ್ನಾಗಿ ಎಳೆಯುತ್ತದೆ. ಅವನ ವೇಟ್ ನಂಬರನ್ನೇ ಹಾಕಬಹುದೇ?

ಬೇಡ. ಸುಮಾರು 1000 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನ್ ತನ್ನ ಶಕ್ತಿಯ ಹತ್ತನೇ ಒಂದು ಭಾಗದಷ್ಟು ಕಳೆದುಕೊಳ್ಳುತ್ತದೆ, ಅಲ್ಲಿಗೆ ಹಗುರ ವೇಟ್ ಸರಿ. ಕಡಲ ಮಟ್ಟದಲ್ಲಿ ಅದೇ ವೇಟ್ ಹಾಕಿದರೆ ಆರ್‌ಪಿಎಂ ಅತಿಯಾಗುತ್ತದೆ.

ಪ್ರಶ್ನೆ: ಜಾರುವ ಬೆಲ್ಟಿಗೆ ರಾಳದ ಪುಡಿ ಅಥವಾ ಸ್ಪ್ರೇ?

ಯಾವುದೂ ಬೇಡ.

ಪ್ರಶ್ನೆ: ಏರ್ ಬಾಕ್ಸ್ ತೆಗೆದು ಕೋನ್ ಫಿಲ್ಟರ್ ಹಾಕಿದರೆ ಪಿಕಪ್ ಹೆಚ್ಚುತ್ತದೆಯೇ?

ಕಡಲ ಕರೆಯಲ್ಲಿ ಹೆಚ್ಚುವುದು ರಿಂಗಿನ ಸವೆತ. ಏರ್ ಬಾಕ್ಸ್ ಇರಲಿ, ಅದರ ಸೀಲಿಗೆ ತೆಳುವಾಗಿ ಗ್ರೀಸ್ ಹಚ್ಚಿ.

ಪ್ರಶ್ನೆ: ತೆರೆ ಬಡಿದು ಕ್ಲಚ್ ಕವರಿನೊಳಗೆ ಸಮುದ್ರದ ನೀರು ಹೋದರೆ?

ಗಾಡಿ ನಿಲ್ಲಿಸಿ, ಕವರಿನ ಡ್ರೈನ್ ಪ್ಲಗ್ ಬಿಚ್ಚಿ ನೀರು ಬಸಿಯಿರಿ. ನ್ಯೂಟ್ರಲಿನಲ್ಲಿ ಕೆಲವು ಸೆಕೆಂಡು ಆರ್‌ಪಿಎಂ ಏರಿಸಿ ಇಳಿಸಿ, ಬೆಲ್ಟ್ ಹಿಡಿದ ಮೇಲೆ ನಿಧಾನ ಮನೆಗೆ ತನ್ನಿ. ಅದೇ ದಿನ ಕವರ್ ತೆಗೆದು ಎರಡೂ ಕ್ಲಚ್ಚಿಗೆ ಸಿಹಿನೀರು ಹಾಯಿಸಿ, ಒಣಗಿಸಿ, ಶೀವ್ ಮುಖ ಒರೆಸಿ. ಮರುದಿನಕ್ಕೆ ಇಟ್ಟರೆ ರೋಲರ್ ಪಿನ್ ಕಚ್ಚಿರುತ್ತದೆ.