ಎಚ್‌ಟಿ-2ರ ತಲೆಕೆಳಗಾದ ಎಂಜಿನ್, ದೀಪಕ್‌ನ ನಿಂತುಹೋಗುವ ಎಂಜಿನ್

ಪ್ರಶ್ನೆ: ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿರುವ ಎಚ್‌ಟಿ-2 ತರಬೇತಿ ವಿಮಾನದ ಸಿಲಿಂಡರ್‌ಗಳು ಕೆಳಮುಖವಾಗಿರುತ್ತವೆ ಎಂದು ಕೇಳಿದೆ. ಹಾಗೇಕೆ?

ಉತ್ತರ: ಡಾ. ವಿ. ಎಂ. ಘಾಟಗೆ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ. ಪರೀಕ್ಷೆಗೆಂದು ಮೊದಲು ಮಾಡಿದ ಮಾದರಿ ವಿಮಾನಕ್ಕೆ ಜಿಪ್ಸಿ ಮೇಜರ್ ಎಂಜಿನ್ ಇತ್ತು. ಆಮೇಲೆ ತಯಾರಾದವಕ್ಕೆ 155 ಅಶ್ವಶಕ್ತಿಯ ಸಿರಸ್ ಮೇಜರ್ 3. ಎರಡೂ ಗಾಳಿಯಿಂದ ತಣಿಯುವ, ಒಂದೇ ಸಾಲಿನ ನಾಲ್ಕು ಸಿಲಿಂಡರ್‌ಗಳ, ತಲೆಕೆಳಗಾದ ಎಂಜಿನ್‌ಗಳು. ಪ್ರೊಪೆಲ್ಲರನ್ನು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಮೇಲಿದ್ದರೆ ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿ ನಿಲ್ಲುತ್ತದೆ, ಚಕ್ರದ ಕಾಲುಗಳು ಗಿಡ್ಡ ಇದ್ದರೂ ನಡೆಯುತ್ತದೆ. ಸಿಲಿಂಡರ್‌ಗಳು ಕೆಳಗಿಳಿಯುವುದರಿಂದ ವಿಮಾನದ ಮೂಗು ತಗ್ಗಾಗಿ ಪೈಲಟ್‌ಗೆ ಮುಂದಿನ ದಾರಿ ಹೆಚ್ಚು ಕಾಣುತ್ತದೆ. ಬಾಲದಲ್ಲಿ ಪುಟ್ಟ ಚಕ್ರವಿದ್ದು ನೆಲದ ಮೇಲೆ ಮೂಗೆತ್ತಿ ನಿಲ್ಲುವ ವಿಮಾನಕ್ಕೆ ಇದು ದೊಡ್ಡ ಅನುಕೂಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನಿಂತ ಎಂಜಿನ್‌ನಲ್ಲಿ ಎಣ್ಣೆ ಪಿಸ್ಟನ್ ರಿಂಗ್ ದಾಟಿ ಕೆಳಗೆ, ದಹನ ಕೋಣೆಗೆ ಇಳಿಯುತ್ತದೆ. ದ್ರವವನ್ನು ಅದುಮಲಾಗದು, ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಇಂಥ ಎಂಜಿನ್‌ಗಳಲ್ಲಿ ಮೊದಲು ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊದ ಸ್ವಿಚ್ ಆಫ್ ಇದೆಯೇ ನೋಡಿ, ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಕೂಡದು, ಹಿಂದಕ್ಕೂ ತಿರುಗಿಸಕೂಡದು: ಹಿಂದಕ್ಕೆ ತಿರುಗಿಸಿದರೆ ಎಣ್ಣೆಯು ಗಾಳಿ-ಪೆಟ್ರೋಲ್ ಮಿಶ್ರಣ ಒಳಬರುವ ಕೊಳವೆಗೆ ಹೋಗಿ ಕೂತು, ಸ್ಟಾರ್ಟ್ ಆದೊಡನೆ ಮತ್ತೆ ಸಿಲಿಂಡರ್‌ಗೇ ಬರುತ್ತದೆ. ಆ ಸಿಲಿಂಡರ್‌ನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಸುರಿಸುವುದೊಂದೇ ದಾರಿ.

ಪ್ರಶ್ನೆ: ನಂತರ ಬಂದ ನಮ್ಮ ವಾಯುಪಡೆಯ ತರಬೇತಿ ವಿಮಾನ ಎಚ್‌ಪಿಟಿ-32 ದೀಪಕ್ ಹೆಚ್ಚು ಶಕ್ತಿಯದ್ದು. ಅದರ ಎಂಜಿನ್ ಗಾಳಿಯಲ್ಲೇ ನಿಲ್ಲುತ್ತಿತ್ತಂತೆ, ಅದಕ್ಕೆ ಹಾಕಿದ್ದ ಅಮೆರಿಕದ ಲೈಕಮಿಂಗ್ ಎಂಜಿನ್ನೇ ಕಳಪೆಯೇ?

ಉತ್ತರ: ಎಂಜಿನನ್ನು ಮಾತ್ರ ದೂರುವುದು ನ್ಯಾಯವಲ್ಲ. 1977ರಲ್ಲಿ ಮೊದಲು ಹಾರಿದ ದೀಪಕ್‌ಗೆ ಇದ್ದದ್ದು 260 ಅಶ್ವಶಕ್ತಿಯ, ಆರು ಸಿಲಿಂಡರ್‌ಗಳ ಲೈಕಮಿಂಗ್ 540 ಕುಟುಂಬದ ಎಂಜಿನ್, ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಫ್ಯೂಯಲ್ ಇಂಜೆಕ್ಷನ್ ಮಾದರಿ. ಅದೇ ಕುಟುಂಬದ ಕಾರ್ಬ್ಯುರೇಟರ್ ಎಂಜಿನ್‌ನೊಂದಿಗೆ ಇಟಲಿಯ ಎಸ್‌ಎಫ್-260 ತರಬೇತಿ ವಿಮಾನ ಅನೇಕ ದೇಶಗಳ ವಾಯುಪಡೆಗಳಲ್ಲಿ ಹಾರಿದೆ. ಆದರೆ ಇಂಜೆಕ್ಷನ್ ಇದ್ದ, ಅಷ್ಟೇ ಶಕ್ತಿಯ ಎಂಜಿನ್ ಹಾಕಿದ್ದ ಅಮೆರಿಕ ವಾಯುಪಡೆಯ ಟಿ-3ಎ ಫೈರ್‌ಫ್ಲೈ ಕೂಡ ಹೀಗೇ ನಿಂತುಹೋಗುತ್ತಿತ್ತು. 1997ರಲ್ಲಿ ಅದರ ಹಾರಾಟ ನಿಲ್ಲಿಸಿದರು. ಆದ್ದರಿಂದ ನೋಡಬೇಕಾದದ್ದು ಎಂಜಿನ್‌ಗೆ ಪೆಟ್ರೋಲ್ ತಲುಪುವ ದಾರಿಯನ್ನು.

ವಿಮಾನದ ಪೆಟ್ರೋಲ್ ಸುಲಭವಾಗಿ ಆವಿಯಾಗುತ್ತದೆ. ಬಿಸಿಲಿನಲ್ಲಿ ಇಳಿದು ಮತ್ತೆ ಹೊರಡುವಾಗ ಎಂಜಿನ್ ಮುಚ್ಚಳದೊಳಗೆ ಬಿಸಿ ಗಾಳಿ ಸಿಕ್ಕಿಕೊಂಡಿರುತ್ತದೆ. ಪಂಪ್ ಎಳೆಯುವ ಬದಿಯಲ್ಲಿ ಒತ್ತಡ ಇಳಿಯುವುದರಿಂದ ಪೆಟ್ರೋಲ್ ಅಲ್ಲೇ ಗುಳ್ಳೆಗಟ್ಟುತ್ತದೆ. ದ್ರವ ತಳ್ಳಲು ಮಾಡಿದ ಪಂಪ್ ಆವಿಯನ್ನು ತಳ್ಳಲಾರದು. ಮೊದಲು ಇಂಧನ ಹರಿವಿನ ಮುಳ್ಳು ಅಲುಗುತ್ತದೆ, ಎಂಜಿನ್ ಮುಗ್ಗರಿಸುತ್ತದೆ, ಆಮೇಲೆ ನಿಶ್ಶಬ್ದ. ಆಗ ಪೈಲಟ್ ಮೂಗು ತಗ್ಗಿಸಿ ವೇಗ ಉಳಿಸಿಕೊಂಡು, ಇಂಧನ ಒತ್ತಿ ಕಳಿಸುವ ನೆರವಿನ ಪಂಪ್ (ಬೂಸ್ಟ್ ಪಂಪ್) ಹಾಕಿ, ಗಾಳಿಯೊಂದಿಗಿನ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿದೆಯೇ ನೋಡಿ ಮತ್ತೆ ಸ್ಟಾರ್ಟ್‌ಗೆ ಯತ್ನಿಸಬೇಕು. ದೀಪಕ್, ಎಂಜಿನ್ ನಿಂತ ಮೇಲೆ ದೂರ ತೇಲುವ ವಿಮಾನವಲ್ಲ. ಕಡಿಮೆ ಎತ್ತರದಲ್ಲಿದ್ದರೆ ಇಷ್ಟಕ್ಕೆಲ್ಲ ಸಮಯವೇ ಸಿಗದು. 17 ಅಪಘಾತಗಳಲ್ಲಿ 19 ಪೈಲಟ್‌ಗಳು ತೀರಿಕೊಂಡರು. ಇಷ್ಟು ಜೀವ ಹೋಗುವ ಮೊದಲೇ ಅದರ ಹಾರಾಟ ನಿಲ್ಲಿಸಬೇಕಿತ್ತು.

2009ರ ಜುಲೈನ ಅಪಘಾತದ ನಂತರ ದೀಪಕ್ ಹಾರಾಟ ನಿಂತಿತು. ಇಡೀ ವಿಮಾನವನ್ನೇ ಹೊತ್ತಿಳಿಸುವ ಪ್ಯಾರಾಚೂಟ್ ಅಳವಡಿಸುವ ಆಲೋಚನೆಯೂ ನಡೆದಿತ್ತು, ಕೈಗೂಡಲಿಲ್ಲ. ಹೊಸಬರು ಕೆಲವು ವರ್ಷ ನೇರವಾಗಿ ಕಿರಣ್ ಜೆಟ್‌ನಲ್ಲೇ ಕಲಿಯಬೇಕಾಯಿತು. 2013ರಲ್ಲಿ ಸ್ವಿಟ್ಜರ್‌ಲೆಂಡ್‌ನ ಪಿಲಾಟಸ್ ಪಿಸಿ-7 ಬಂತು. 2016ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಎಚ್‌ಟಿಟಿ-40 ಕೂಡ ಅದರಂತೆ ಟರ್ಬೊಪ್ರಾಪ್, ಅಂದರೆ ಜೆಟ್ ಜಾತಿಯ ಎಂಜಿನ್ ಪ್ರೊಪೆಲ್ಲರ್ ತಿರುಗಿಸುವ ವಿಮಾನ. ಇವು ಸೀಮೆಎಣ್ಣೆ ಜಾತಿಯ ಇಂಧನದಲ್ಲಿ ಓಡುತ್ತವೆ; ಅದು ಪೆಟ್ರೋಲ್‌ನಷ್ಟು ಬೇಗ ಆವಿಯಾಗುವುದಿಲ್ಲ.