ಸೊನ್ನೆ ಬಂತು, ಆದ್ರೆ ಯಾವ ಸೊನ್ನೆ?

ಕೋಡ್ ಕಟ್ಟೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪ್ರಶ್ನೆಗಳು ಹೆಚ್ಚುಕಮ್ಮಿ ಎಲ್ಲಾ ಮಂಡ್ಯ ಮೈಸೂರು ಕಡೆಯವೇ, ಅದೂ ಸಿ ಭಾಷೆಲಿ ಸ್ಟ್ರಿಂಗು (ಅಕ್ಷರಗಳ ಸಾಲು), ನಂಬರು ಸಂಭಾಳಿಸೋದ್ರ ಬಗ್ಗೆನೇ. ಫಂಕ್ಷನ್ ಹೆಸರುಗಳನ್ನ ಬಾಯಲ್ಲಿ ಹೇಳೋ ಹಾಗೆ ಕನ್ನಡದಲ್ಲೇ ಬರ್ದಿದೀನಿ, ಕೀಬೋರ್ಡ್ ಮುಂದೆ ಕೂತ್ರೆ ಯಾವುದು ಅಂತ ಗೊತ್ತಾಗುತ್ತೆ ಬಿಡಿ.

ಪ್ರಶ್ನೆ: ಸಾರ್, ನಮ್ಮ ಕಡೆ ಕಬ್ಬಿನ ಲೆಕ್ಕ ಇಡೋಕೆ ಅಂತ ಒಂದು ಚಿಕ್ಕ ಸಿ ಪ್ರೋಗ್ರಾಂ ಬರ್ದಿದೀನಿ. ಟೆಕ್ಸ್ಟ್ ಫೈಲಲ್ಲಿ ಹೆಸರು, ಸರ್ವೆ ನಂಬರ್, ತೂಕ, ಗಾಡಿ ನಂಬರ್, ಬಿಲ್ ಮೊತ್ತ ಇದೆ, ಮಧ್ಯೆ ಮಧ್ಯೆ ಉದ್ದ ಗೆರೆ. ಸ್ಟ್ರ್‌ಟಾಕ್ ಹಾಕಿ ಒಡೆದು ಎಟುಐ ಹಾಕಿ ನಂಬರ್ ಮಾಡ್ತೀನಿ. ಒಬ್ರ ಬಿಲ್ 1 ರೂಪಾಯಿ ಅಂತಿದೆ, ಇನ್ನೊಬ್ರದು 55 ರೂಪಾಯಿ, ಕೆಲವ್ರದ್ದು ತೂಕನೂ ಸೊನ್ನೆ ಬಿಲ್ಲೂ ಸೊನ್ನೆ. ಎರರ್ ಒಂದೂ ಬರಲ್ಲ. ಏನ್ಮಾಡ್ಲಿ? (ಮಂಡ್ಯದಿಂದ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ)

ಉತ್ತರ: ಎರರ್ ಬರಲ್ಲ ಅನ್ನೋದೇ ಇಲ್ಲಿರೋ ರೋಗ. ಮೊದ್ಲು ನಿಮ್ಮ 1 ರೂಪಾಯಿ ಬಿಲ್ ನೋಡೋಣ. ಫೈಲ್ ಟೈಪ್ ಮಾಡಿದವ್ರು 1,25,000 ಅಂತ ನಮ್ಮ ರೂಢಿ ಪ್ರಕಾರ ಕಾಮಾ ಹಾಕಿರ್ತಾರೆ, ಎಟುಐ ಮೊದಲನೇ ಕಾಮಾ ಕಂಡ ತಕ್ಷಣ ನಿಂತ್ಕೊಂಡು ಅಲ್ಲಿವರೆಗೆ ಸಿಕ್ಕಿದ್ದನ್ನ ಕೈಗೆ ಕೊಟ್ಟು ಹೋಗುತ್ತೆ, ಅಂದ್ರೆ 1. 55,350 ಇದ್ರೆ 55. ಮಿಕ್ಕಿದ್ದು ಏನಾಯ್ತು ಅಂತ ಅದು ಹೇಳಲ್ಲ, ಹೇಳೋಕೆ ಅದಕ್ಕೆ ದಾರಿನೂ ಇಲ್ಲ.

ಸೊನ್ನೆ ಕಥೆ ಇನ್ನೂ ಚೆನ್ನಾಗಿದೆ. ಯಾರದೋ ಸಾಲಲ್ಲಿ ತೂಕದ ಜಾಗ ಖಾಲಿ ಬಿಟ್ಟಿರ್ತಾರೆ, ಎರಡು ಗೆರೆ ಪಕ್ಕಪಕ್ಕದಲ್ಲೇ ಬಂದಿರುತ್ತೆ. ಸ್ಟ್ರ್‌ಟಾಕ್ ಅಕ್ಕಪಕ್ಕದ ಗೆರೆಗಳನ್ನೆಲ್ಲಾ ಒಂದೇ ಅಂತ ನುಂಗ್ಬಿಡುತ್ತೆ, ಖಾಲಿ ಕಾಲಂ ಇತ್ತು ಅನ್ನೋದೇ ನಿಮಗೆ ಗೊತ್ತಾಗಲ್ಲ, ಹಾಗಾಗಿ ಗಾಡಿ ನಂಬರ್ ತೂಕದ ಜಾಗಕ್ಕೆ ಬಂದು ಕೂರುತ್ತೆ. ಮಂಡ್ಯ ಗಾಡಿ ಅಂದ್ಮೇಲೆ ಅದು ಕೆಎ 11 ಅಂತ ಅಕ್ಷರದಿಂದ ಶುರು, ಅದನ್ನ ಎಟುಐಗೆ ಕೊಟ್ರೆ ಒಂದೂ ಅಂಕಿ ಸಿಗದೆ 0 ಬರುತ್ತೆ. ಬಿಲ್ಲು ಗಾಡಿ ಜಾಗಕ್ಕೆ ಹೋಯ್ತು, ಬಿಲ್ ಜಾಗದಲ್ಲಿ ಟೋಕನ್ನೇ ಇಲ್ಲ, ನೀವು ಟೋಕನ್ (ಒಡೆದ ತುಂಡು) ನಲ್, ಅಂದ್ರೆ ಏನೂ ಸಿಗಲಿಲ್ಲ ಅಂತಾದ್ರೆ ಸೊನ್ನೆ ಅಂತ ಬರ್ಕೊಂಡಿರ್ತೀರಿ. ನಿಜವಾಗ್ಲೂ ಸೊನ್ನೆ ಕೆಜಿ, ಬರೆಯೋದು ಬಿಟ್ಟುಹೋಗಿದ್ದು, ಗಾಡಿ ನಂಬರ್ ಬಂದಿದ್ದು, ಮೂರಕ್ಕೂ ಒಂದೇ ಸೊನ್ನೆ. ಟೋಟಲ್ ಕೆಡದೆ ಇನ್ನೇನಾಗುತ್ತೆ.

ಇನ್ನೊಂದು, ಇಂಟ್ ಅಂದ್ರೆ ಪೂರ್ಣಾಂಕ ಇಡೋ ಜಾಗ, ಅದರಲ್ಲಿ ಹಿಡಿಸದಷ್ಟು ದೊಡ್ಡ ನಂಬರ್ ಎಟುಐಗೆ ಕೊಟ್ರೆ ಏನಾಗ್ಬೇಕು ಅಂತ ಸಿ ಸ್ಟ್ಯಾಂಡರ್ಡ್ (ಭಾಷೆಯ ಅಧಿಕೃತ ನಿಯಮ) ಹೇಳೋದೇ ಇಲ್ಲ, ಏನು ಬೇಕಾದ್ರೂ ಆಗ್ಬಹುದು. ಹಾಗಾಗಿ ಬೇರೆಯವರು ಟೈಪ್ ಮಾಡಿದ ಡೇಟಾ ಮೇಲೆ ಎಟುಐ ಹಾಕ್ಲೇಬೇಡಿ.

ಅದರ ಬದ್ಲು ಸ್ಟ್ರಿಂಗನ್ನ ಲಾಂಗ್ ಅನ್ನೋ ಪೂರ್ಣಾಂಕ ಮಾಡೋ ಸ್ಟ್ರ್‌ಟೋಲ್ ಬಳಸಿ, ಆದ್ರೆ ನೇರವಾಗಿ ಅಲ್ಲ, ಅದರ ಸುತ್ತ ನಿಮ್ದೇ ಒಂದು ಪುಟ್ಟ ಫಂಕ್ಷನ್ ಕಟ್ಕೊಳ್ಳಿ. ಹೆಸರು ಓದು_ಇಂಟ್ ಅಂತಿರ್ಲಿ. ಅದು ವಾಪಸ್ ಕೊಡೋದು ಆಯ್ತು ಅಥವಾ ಆಗ್ಲಿಲ್ಲ ಅನ್ನೋದನ್ನ ಮಾತ್ರ, ನಂಬರನ್ನ ಪಾಯಿಂಟರ್ (ಮೆಮೊರಿ ವಿಳಾಸ) ಮೂಲಕ ತುಂಬುತ್ತೆ, ಕೆಟ್ರೆ ಆ ಪಾಯಿಂಟರನ್ನ ಮುಟ್ಟಲ್ಲ. ಒಳಗಡೆ ಹೀಗೆ ಮಾಡಿ: ಮೊದ್ಲು ಎರ್‌ನೋಗೆ (ಎರರ್ ಸಂಖ್ಯೆ ಇರೋ ಜಾಗ) 0 ಹಾಕಿ, ಯಾಕಂದ್ರೆ ಹಿಂದೆ ಯಾವ್ದೋ ಫಂಕ್ಷನ್ ಬಿಟ್ಟುಹೋದ ಎರರ್ ಅದರಲ್ಲಿ ಇರಬಹುದು, ಸ್ಟ್ರ್‌ಟೋಲ್ ಅದನ್ನ ತಾನಾಗೇ ಕ್ಲಿಯರ್ ಮಾಡಲ್ಲ. ಆಮೇಲೆ ಸ್ಟ್ರ್‌ಟೋಲ್ ಕರೀರಿ, ಎರಡನೇ ಆರ್ಗ್ಯುಮೆಂಟಾಗಿ ಎಂಡ್ ಪಾಯಿಂಟರ್ (ಓದೋದು ಎಲ್ಲಿ ನಿಂತಿತು ಅಂತ ಹೇಳೋದು) ಕೊಡಿ, ಬೇಸ್ 10, ಅಂದ್ರೆ ನಮ್ಮ ಮಾಮೂಲಿ ಹತ್ತರ ಲೆಕ್ಕ. ಎಂಡ್ ಶುರುವಿನ ಜಾಗದಲ್ಲೇ ಇದ್ರೆ ಒಂದೂ ಅಂಕಿ ಸಿಕ್ಕಿಲ್ಲ, ಇದು ನಿಮ್ಮ ಕೆಎ 11 ಕೇಸು. ಎಂಡ್ ಮುಂದೆ ಹೋಗಿದೆ ಆದ್ರೆ ಅಲ್ಲಿ ಸ್ಟ್ರಿಂಗ್ ಮುಗಿದಿಲ್ಲ ಅಂದ್ರೆ ಕಸ ಉಳಿದಿದೆ, ಇದು ಕಾಮಾ ಕೇಸು. ಎರ್‌ನೋ ಇರೇಂಜ್ (ಮಿತಿ ಮೀರಿದೆ) ಆಗಿದ್ರೆ ಲಾಂಗ್‌ಗೂ ಹಿಡಿಸಿಲ್ಲ. ಕೊನೇಗೆ ಬಂದ ಲಾಂಗು ಇಂಟ್‌ನ ಮಿತಿಯೊಳಗೆ, ಅಂದ್ರೆ 32 ಬಿಟ್ ಆದ್ರೆ 2147483647 ಒಳಗೆ ಇದ್ಯಾ ನೋಡಿ. ಈ ಕೊನೇ ಚೆಕ್ಕನ್ನ ಜನ ಬಿಟ್ಬಿಡ್ತಾರೆ, ಯಾಕಂದ್ರೆ ವಿಂಡೋಸಲ್ಲಿ ಲಾಂಗೂ 32 ಬಿಟ್ಟೇ, ಅಲ್ಲಿ ಬಿಟ್ರೂ ನಡೆಯುತ್ತೆ. ಅದೇ ಕೋಡ್ 64 ಬಿಟ್ ಲಿನಕ್ಸಿಗೆ ಬಂದ್ರೆ ಅಲ್ಲಿ ಲಾಂಗು 64 ಬಿಟ್ಟು, ದೊಡ್ಡ ನಂಬರ್ ಸಲೀಸಾಗಿ ಪಾಸಾಗಿ ಇಂಟ್‌ಗೆ ತುರುಕುವಾಗ ತಲೆ ಕತ್ತರಿಸಿಕೊಳ್ಳುತ್ತೆ.

ಕಾಮಾ ತೆಗೆಯೋ ಕೆಲ್ಸಾನ ಇದರೊಳಗೇ ತುರುಕಬೇಡಿ. ದುಡ್ಡಿನ ಕಾಲಂಗೆ ಮಾತ್ರ ಅಂತ ಇನ್ನೊಂದು ಫಂಕ್ಷನ್ ಇಡಿ, ಅದು ಅಂಕಿ ಮತ್ತೆ ಕಾಮಾ ಬಿಟ್ಟು ಬೇರೆ ಏನ್ ಕಂಡ್ರೂ ಆಗಲ್ಲ ಅನ್ಲಿ, ಕಾಮಾ ಬಿಟ್ಟು ಉಳಿದಿದ್ದನ್ನ ಬೇರೆ ಬಫರಿಗೆ (ಮೆಮೊರಿ ಡಬ್ಬಿಗೆ) ಹಾಕಿ ಓದು_ಇಂಟ್‌ಗೆ ಕೊಡ್ಲಿ. ಸ್ಟ್ರ್‌ಟಾಕ್ ಬದ್ಲಿಗೆ ಲಿನಕ್ಸಲ್ಲಿ ಸ್ಟ್ರ್‌ಸೆಪ್ ಇದೆ, ಖಾಲಿ ಕಾಲಮನ್ನ ಖಾಲಿ ಸ್ಟ್ರಿಂಗಾಗೇ ಕೊಡುತ್ತೆ. ಅದು ಸ್ಟ್ಯಾಂಡರ್ಡ್ ಸಿ ಅಲ್ಲ, ವಿಂಡೋಸಲ್ಲಿ ಬೇಕಂದ್ರೆ ಸ್ಟ್ರ್‌ಸಿಎಚ್‌ಆರ್ ಹಾಕಿ ಗೆರೆ ಹುಡುಕೋ ಲೂಪ್ ನೀವೇ ಬರೀಬಹುದು, ಹತ್ತು ಸಾಲೂ ಆಗಲ್ಲ. ಸರ್ವೆ ನಂಬರ್ ಕಾಲಮನ್ನೂ ಇಂಟ್ ಮಾಡ್ಕೊಂಡಿದ್ರೆ ಅದನ್ನ ಮೊದ್ಲು ತೆಗೀರಿ. ಪಹಣಿಲಿ 45/2 ಅಂತಿದ್ರೆ ಎಟುಐ 45 ಕೊಟ್ಟು ಹಿಸ್ಸಾ ನಂಬರನ್ನೇ ಎಗರಿಸಿಬಿಟ್ಟಿರುತ್ತೆ, ಅಣ್ಣತಮ್ಮಂದಿರ ಜಮೀನೆಲ್ಲಾ ಒಂದೇ ಆಗೋಗುತ್ತೆ.

ಈ ಥರ ಫಂಕ್ಷನ್ ನಾನೊಬ್ನೇ ಹೇಳ್ತಿರೋದಲ್ಲ. ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂನವ್ರು 2004ರಲ್ಲೇ ಸ್ಟ್ರ್‌ಟೋನಮ್ ಅಂತ ಒಂದನ್ನ ಸೇರಿಸಿದ್ರು, ಕನಿಷ್ಠ ಗರಿಷ್ಠ ಎರಡೂ ಕೊಟ್ರೆ ಸಣ್ಣದಾಯ್ತು, ದೊಡ್ಡದಾಯ್ತು, ನಂಬರೇ ಅಲ್ಲ ಅಂತ ಮೂರರಲ್ಲಿ ಒಂದು ದೂರು ಹೇಳುತ್ತೆ. ನಿಮ್ದನ್ನೂ ಹಾಗೇ ಬರೆದ್ರೆ ಟ್ರಾಕ್ಟರ್ ಲೋಡಿಗೆ ಒಂದು ಗರಿಷ್ಠ ತೂಕ ಹಾಕಿಟ್ಟು, ಯಾರೋ ಎರಡು ಸೊನ್ನೆ ಜಾಸ್ತಿ ಒತ್ತಿದ್ದೂ ಅಲ್ಲೇ ಸಿಕ್ಕಿಬೀಳೋ ಹಾಗೆ ಮಾಡ್ಬಹುದು.

ಪ್ರಶ್ನೆ: ಸ್ಟ್ರ್‌ಟೋಲ್‌ಗೆ ಬೇಸ್ 0 ಕೊಟ್ರೆ ತಾನೇ ಕಂಡುಹಿಡಿಯುತ್ತೆ ಅಂದ್ರು ಅಂತ ಹಾಗೇ ಕೊಟ್ಟೆ. ಎಸ್‌ಟಿಡಿ ಕೋಡ್ 0821 ಓದಿಸಿದ್ರೆ 0 ಬರ್ತಿದೆ. ಲೈಬ್ರರಿ ಬಗ್ಗಾ? (ಕುವೆಂಪುನಗರ, ಮೈಸೂರು)

ಉತ್ತರ: ಬಗ್ ಅಲ್ಲ, ನಮ್ಮ ಊರಿನ ಕೋಡೇ ಹಾಗಿದೆ! ಬೇಸ್ 0 ಅಂದ್ರೆ ಮುಂದೆ ಬರೀ ಸೊನ್ನೆ ಇದ್ದಲ್ಲಿ ಆಕ್ಟಲ್ ಅಂತ ಲೆಕ್ಕ. ಆಕ್ಟಲಲ್ಲಿ 0ರಿಂದ 7ರವರೆಗೆ ಮಾತ್ರ ಅಂಕಿ, 8 ಅನ್ನೋದೇ ಇಲ್ಲ, ಹಾಗಾಗಿ ಮೊದಲನೇ 0 ಓದಿ 8 ಕಂಡು ನಿಂತುಬಿಡ್ತು. ಎಂಡ್ ಪಾಯಿಂಟರ್ ಪ್ರಿಂಟ್ ಮಾಡಿ ನೋಡಿ, 821 ಅಂತ ಉಳಿದಿರುತ್ತೆ. ಮಂಡ್ಯದ 08232, ಬೆಂಗಳೂರಿನ 080, ಎಲ್ಲಾದಕ್ಕೂ ಇದೇ ಗತಿ. ಬೇಸ್ 10 ಕೊಟ್ರೆ 821 ಬರುತ್ತೆ ಆದ್ರೆ ಮುಂದಿನ ಸೊನ್ನೆ ಹೋಯ್ತು.

ಎಸ್‌ಟಿಡಿ ಕೋಡನ್ನ ನಂಬರ್ ಮಾಡೋದೇ ಬೇಡ. ಎರಡು ಎಸ್‌ಟಿಡಿ ಕೋಡ್ ಕೂಡಿಸಿದ್ರೆ ಏನಾದ್ರೂ ಅರ್ಥ ಬರುತ್ತಾ? ಬರಲ್ಲ ಅಂದ್ಮೇಲೆ ಅದು ಸ್ಟ್ರಿಂಗು. ಮೊಬೈಲ್ ನಂಬರೂ ಅಷ್ಟೇ, 9ರಿಂದ ಶುರುವಾಗೋ ಹತ್ತು ಅಂಕಿ ಹೇಗೂ 32 ಬಿಟ್ ಇಂಟ್‌ನಲ್ಲಿ ಹಿಡಿಸಲ್ಲ. ಪಿನ್‌ಕೋಡ್ 570001 ಇಂಟ್‌ನಲ್ಲಿ ಹಿಡಿಸುತ್ತೆ ಅಂತ ಹಾಕ್ಬೇಡಿ, ಆರು ಅಂಕಿ ಇದ್ಯಾ, ಎಲ್ಲಾ ಅಂಕಿನೇನಾ ಅಂತ ಚೆಕ್ ಮಾಡಿ ಸ್ಟ್ರಿಂಗಾಗೇ ಇಡಿ.

ಪ್ರಶ್ನೆ: ಕೆಆರ್‌ಎಸ್ ಮಟ್ಟ 124.80 ಅಡಿ ಅಂತ ಕೊಟ್ರೆ 124 ಮಾತ್ರ ಬರ್ತಿದೆ. (ಪಾಂಡವಪುರ)

ಉತ್ತರ: ದಶಮಾಂಶ ಇರೋ ನಂಬರಿಗೆ ಸ್ಟ್ರ್‌ಟೋಡ್ ಬಳಸಿ, ಮೇಲೆ ಹೇಳಿದ ಎಂಡ್ ಪಾಯಿಂಟರ್ ಚೆಕ್ಕೇ ಇಲ್ಲೂ ಹಾಕಿ. ಅದು ಇನ್ಫ್ (ಅನಂತ), ನ್ಯಾನ್ (ನಂಬರೇ ಅಲ್ಲ) ಅನ್ನೋ ಪದಗಳನ್ನೂ ನಂಬರ್ ಅಂತ ಒಪ್ಕೊಳ್ಳುತ್ತೆ, ಅಣೆಕಟ್ಟೆಗೆ ಅನಂತ ಅಡಿ ನೀರು ಬರಬಾರದು ಅಂದ್ರೆ ಇಸ್‌ಫೈನೈಟ್ ಹಾಕಿ ನೋಡ್ಕೊಳ್ಳಿ.

ಪ್ರಶ್ನೆ: ಊರಿನ ಹೆಸರು ಇಡೋಕೆ 32 ಬೈಟಿನ ಕ್ಯಾರ್ ಅರೇ ಇಟ್ಟಿದೀನಿ. ಸೇಫ್ ಅಂತ ಸ್ಟ್ರ್‌ಎನ್‌ಕಾಪಿನೇ ಬಳಸಿದೀನಿ, 32 ಅಂತ ಸೈಜ್ ಕೊಟ್ಟು. ಮಂಡ್ಯ, ಮದ್ದೂರು ಎಲ್ಲಾ ಸರಿ ಬರುತ್ತೆ, ನಮ್ಮೂರ ಹೆಸರು ಬಂದ್ರೆ ಮಾತ್ರ ಕೊನೇಲಿ ಏನೇನೋ ಕಸ ಪ್ರಿಂಟ್ ಆಗುತ್ತೆ. (ಶ್ರೀರಂಗಪಟ್ಟಣ)

ಉತ್ತರ: ಯುಟಿಎಫ್-8, ಅಂದ್ರೆ ಅಕ್ಷರಗಳನ್ನ ಬೈಟಾಗಿ ಇಡೋ ಪದ್ಧತಿಲಿ, ಕನ್ನಡದ ಒಂದೊಂದು ಕೋಡ್ ಪಾಯಿಂಟೂ (ಅಕ್ಷರ, ಗುಣಿತದ ಗುರುತು ಇತ್ಯಾದಿ ಒಂದೊಂದೂ) 3 ಬೈಟು. ಮಂಡ್ಯ ಅಂದ್ರೆ ಮ, ಸೊನ್ನೆ (ಅನುಸ್ವಾರ), ಡ, ವಿರಾಮ (ಒತ್ತಕ್ಷರ ಮಾಡೋ ಗುರುತು), ಯ, ಒಟ್ಟು 5, ಹಾಗಾಗಿ 15 ಬೈಟ್. ಮದ್ದೂರು 21. ನಿಮ್ಮ ಶ್ರೀರಂಗಪಟ್ಟಣ 12 ಕೋಡ್ ಪಾಯಿಂಟು, 36 ಬೈಟು, ಸ್ಟ್ರಿಂಗ್ ಮುಗೀತು ಅನ್ನೋ ಕೊನೇ ನಲ್ ಬೈಟ್ ಸೇರಿದ್ರೆ 37. 32ರ ಡಬ್ಬಿಲಿ ಎಲ್ಲಿ ಹಿಡಿಸುತ್ತೆ.

ಹಿಡಿಸದೇ ಇದ್ದಾಗ ಸ್ಟ್ರ್‌ಎನ್‌ಕಾಪಿ 32 ಬೈಟ್ ತುಂಬಿ ನಲ್ ಹಾಕದೇ ಬಿಟ್ಟುಹೋಗುತ್ತೆ, ಪ್ರಿಂಟ್‌ಎಫ್ ಮುಂದಿನ ಮೆಮೊರಿಗೂ ನುಗ್ಗಿ ಓದ್ತಾ ಹೋಗುತ್ತೆ, ಅದೇ ನೀವು ಕಂಡ ಕಸ. ಇದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಹಳೇ ಯೂನಿಕ್ಸಲ್ಲಿ ಫೈಲ್ ಹೆಸರಿಗೆ ಡೈರೆಕ್ಟರಿ ಒಳಗೆ ಸರಿಯಾಗಿ 14 ಬೈಟ್ ಜಾಗ ಇರ್ತಿತ್ತು, ಚಿಕ್ಕ ಹೆಸರಾದ್ರೆ ಉಳಿದಿದ್ದಕ್ಕೆ ಸೊನ್ನೆ ತುಂಬು, ಪೂರ್ತಿ 14 ಇದ್ರೆ ನಲ್ ಬೇಡ ಅನ್ನೋ ಲೆಕ್ಕ. ಹೆಸರಲ್ಲಿ ಎನ್ ಇದೆ ಅಂತ ಜನ ಅದನ್ನ ಸೇಫ್ ಅಂತ ನಂಬ್ಕೊಂಡು ಬಂದ್ರು.

ಎಲ್ಲಾ ಕಡೆ ಸಿಗೋದು ಅಂದ್ರೆ 1999ರ ಸಿ ಸ್ಟ್ಯಾಂಡರ್ಡ್ ಆದ ಸಿ99ರಲ್ಲಿ ಬಂದ ಎಸ್‌ಎನ್‌ಪ್ರಿಂಟ್‌ಎಫ್. ನಲ್ ಹಾಕೇ ಹಾಕುತ್ತೆ, ಮೇಲಾಗಿ ಪೂರ್ತಿ ಬರೆಯೋಕೆ ಎಷ್ಟು ಬೇಕಿತ್ತು ಅನ್ನೋದನ್ನ ವಾಪಸ್ ಕೊಡುತ್ತೆ, ಬಟ್ಟೆ ಸಾಲದಿದ್ರೆ ಟೈಲರ್ ಇನ್ನೆಷ್ಟು ಬೇಕು ಅಂತ ಹೇಳಿದ ಹಾಗೆ. ಇಲ್ಲಿ 36 ಬರುತ್ತೆ, 36 ನಿಮ್ಮ 32ಕ್ಕಿಂತ ಜಾಸ್ತಿ, ಅಂದ್ರೆ ಕತ್ತರಿಸಿದೆ. ಸರಿಯಾಗಿ 32 ಬಂದ್ರೂ ಕತ್ತರಿಸಿದೆ ಅಂತಲೇ ಅರ್ಥ, ನಲ್‌ಗೆ ಜಾಗ ಬೇಕಲ್ಲ. ಸ್ಟ್ರ್‌ಎಲ್‌ಕಾಪಿನೂ ಹೀಗೇ ಮೂಲದ ಪೂರ್ತಿ ಉದ್ದ ಹೇಳುತ್ತೆ, 1998ರಿಂದ ಓಪನ್‌ಬಿಎಸ್‌ಡಿಲಿ ಇತ್ತು, ಲಿನಕ್ಸಿನ ಸಿ ಲೈಬ್ರರಿ ಗ್ಲಿಬ್‌ಸಿ ಅವ್ರು ವರ್ಷಗಟ್ಟಲೆ ಬೇಡ ಬೇಡ ಅಂತಿದ್ದು 2023ರ 2.38 ಆವೃತ್ತಿಲಿ ಸೇರಿಸ್ಕೊಂಡ್ರು. ಯಾವ್ದನ್ನ ಬಳಸಿದ್ರೂ ವಾಪಸ್ ಬಂದ ನಂಬರ್ ನೋಡದೇ ಇದ್ರೆ ಸ್ಟ್ರ್‌ಎನ್‌ಕಾಪಿಗಿಂತ ಸ್ವಲ್ಪ ವಾಸಿ ಅಷ್ಟೇ, ಕ್ರ್ಯಾಶ್ ಆಗಲ್ಲ ಆದ್ರೆ ತಪ್ಪು ಹೆಸರು ಸದ್ದಿಲ್ದೆ ಡೇಟಾಬೇಸಿಗೆ ಸೇರುತ್ತೆ.

ನನ್ ಕೇಳಿದ್ರೆ ಹೆಸರನ್ನ ಕತ್ತರಿಸೋದೇ ಬೇಡ, ಬಫರ್ ದೊಡ್ಡದು ಮಾಡಿ ಅಥವಾ ಎರರ್ ಕೊಡಿ. ಕತ್ತರಿಸಲೇಬೇಕು ಅಂದ್ರೆ ಒಂದು ಅಕ್ಷರದ ಬೈಟುಗಳ ಮಧ್ಯೆ ಕತ್ತರಿಸ್ಬೇಡಿ. 31 ಬೈಟಿಗೆ ಕಡಿದ್ರೆ ಹತ್ತು ಕೋಡ್ ಪಾಯಿಂಟ್ ಆಗಿ ಹನ್ನೊಂದನೇದರ ಒಂದೇ ಒಂದು ಬೈಟ್ ನೇತಾಡ್ತಿರುತ್ತೆ, ಸ್ಕ್ರೀನಲ್ಲಿ ಕಪ್ಪು ಚೌಕದೊಳಗೆ ಪ್ರಶ್ನೆ ಚಿಹ್ನೆ. ಕಡಿಯೋ ಜಾಗದ ಬೈಟು 128ರಿಂದ 191ರ ಒಳಗಿದ್ರೆ ಅದು ಅಕ್ಷರದ ನಡುವಿನ ಬೈಟು, ಹಾಗಲ್ಲದ್ದು ಸಿಗೋವರೆಗೂ ಒಂದೊಂದೇ ಹಿಂದೆ ಬನ್ನಿ. 30ಕ್ಕೆ ಬಂದು ನಿಲ್ತೀರಿ, ಶ್ರೀರಂಗಪಟ್ ಅಂತ ಆಗುತ್ತೆ. ಯುಟಿಎಫ್-8 ಪ್ರಕಾರ ಸರಿ, ಓದೋರಿಗೆ ಸರಿ ಇಲ್ಲ, ಕೊನೇಲಿ ವಿರಾಮ ಉಳಿದಿದ್ರೆ ಅದರ ಜೊತೆಗಿನ ವ್ಯಂಜನನೂ ತೆಗೆದು ಶ್ರೀರಂಗಪ ಮಾಡ್ಬೇಕು. ಊರಿನ ಹೆಸರು ಕೊಂದಂಗೆ ಆಯ್ತಲ್ಲ ಅಂದ್ರೆ, ಅದಕ್ಕೇ ಬಫರ್ ದೊಡ್ಡದು ಮಾಡಿ ಅಂದಿದ್ದು.

ಪ್ರಶ್ನೆ: ನಮ್ಮ ಲ್ಯಾಬಲ್ಲಿ ಇನ್ನೂ ಟರ್ಬೋ ಸಿ, ಅದರಲ್ಲಿ ಗೆಟ್ಸ್ ಆರಾಮಾಗಿ ಓಡುತ್ತೆ. ಮನೇಲಿ ಹೊಸ ಕಂಪೈಲರಲ್ಲಿ ಅದೇ ಪ್ರೋಗ್ರಾಂ ಬೈಯ್ಯುತ್ತೆ. (ಮೈಸೂರು)

ಉತ್ತರ: ಬೈಯ್ಯಲಿ ಬಿಡಿ, ಸರಿಯಾಗೇ ಬೈತಿದೆ. ಒಂದು ಸಾಲು ಓದಿ ಬಫರಿಗೆ ತುಂಬೋ ಗೆಟ್ಸಿಗೆ ಆ ಬಫರ್ ಎಷ್ಟು ದೊಡ್ಡದು ಅಂತ ಹೇಳೋಕೆ ಜಾಗವೇ ಇಲ್ಲ. 1988ರ ನವೆಂಬರ್ 2ಕ್ಕೆ ಇಂಟರ್ನೆಟ್ ತುಂಬಾ ಹರಡಿದ ಮಾರಿಸ್ ವರ್ಮ್ (ತಾನಾಗೇ ಹರಡೋ ಪ್ರೋಗ್ರಾಂ) ಫಿಂಗರ್ ಸರ್ವರ್ (ಬಳಕೆದಾರರ ಮಾಹಿತಿ ಕೊಡೋ ಪ್ರೋಗ್ರಾಂ) ಒಳಗೆ ನುಗ್ಗಿದ್ದು ಗೆಟ್ಸ್ ಓದ್ತಿದ್ದ 512 ಬೈಟಿನ ಬಫರನ್ನ ತುಂಬಿ ಹರಿಸಿ. 2011ರ ಸಿ11 ಸ್ಟ್ಯಾಂಡರ್ಡಿಂದ ಅದನ್ನ ಕಿತ್ತೇ ಹಾಕಿದ್ರು. ಎಫ್‌ಗೆಟ್ಸ್ ಬಳಸಿ, ಕೊನೇಲಿ ನ್ಯೂಲೈನ್ ಉಳಿಸುತ್ತೆ, ಅದನ್ನ ತೆಗೀರಿ. ನ್ಯೂಲೈನ್ ಇಲ್ಲ, ಫೈಲೂ ಮುಗಿದಿಲ್ಲ ಅಂದ್ರೆ ಸಾಲು ಬಫರಿಗಿಂತ ಉದ್ದ ಇತ್ತು ಅಂತ, ಮಿಕ್ಕಿದ್ದನ್ನ ಓದಿ ಬಿಸಾಕದೇ ಇದ್ರೆ ಮುಂದಿನ ಸಾಲಾಗಿ ಅದೇ ಬರುತ್ತೆ. ಹಾಗೇ ಟರ್ಬೋ ಸಿಲಿ ಇಂಟ್ 16 ಬಿಟ್ಟು, 32767 ದಾಟಿದ್ರೆ ಉಲ್ಟಾ ಹೊಡೆಯುತ್ತೆ, ಮೇಲಿನ ಕಬ್ಬಿನ ಲೆಕ್ಕದವ್ರು ಲ್ಯಾಬಲ್ಲಿ ಟೆಸ್ಟ್ ಮಾಡೋದಾದ್ರೆ ನೆನಪಿರ್ಲಿ.

ಪ್ರಶ್ನೆ: ಕೆಲವ್ರು ಮೊತ್ತಾನ ಕನ್ನಡ ಅಂಕಿಲಿ, ೧೨೫೦ ಅಂತ ಟೈಪ್ ಮಾಡ್ತಾರೆ. ಸ್ಟ್ರ್‌ಟೋಲ್ ಓದಲ್ಲ. ಅಂಕಿನಾ ಅಂತ ನೋಡೋಕೆ ಇಸ್‌ಡಿಜಿಟ್ ಹಾಕಿದ್ರೆ ಒಂದೊಂದ್ಸಲ ಪ್ರೋಗ್ರಾಮೇ ಬೀಳುತ್ತೆ. (ಮಳವಳ್ಳಿ)

ಉತ್ತರ: ಬೀಳೋದ್ಯಾಕೆ ಅಂದ್ರೆ ಕನ್ನಡದ ಬೈಟುಗಳೆಲ್ಲಾ 127ಕ್ಕಿಂತ ದೊಡ್ಡವು, ಪಿಸಿಲಿ ಸಾಮಾನ್ಯವಾಗಿ ಕ್ಯಾರ್ ಸೈನ್ಡ್ (ಮೈನಸ್ ನಂಬರನ್ನೂ ಇಡೋದು) ಆಗಿರೋದ್ರಿಂದ 224 ಹೋಗಿ ಮೈನಸ್ 32 ಆಗುತ್ತೆ, ಇಸ್‌ಡಿಜಿಟ್ ಅದನ್ನ ಟೇಬಲಿನ ಇಂಡೆಕ್ಸ್ ಮಾಡ್ಕೊಂಡಿದ್ರೆ ಟೇಬಲಿಂದ ಆಚೆ ಓದುತ್ತೆ. ಯಾವಾಗ್ಲೂ ಅನ್‌ಸೈನ್ಡ್ ಕ್ಯಾರ್‌ಗೆ ಕಾಸ್ಟ್ ಮಾಡಿ, ಅಂದ್ರೆ ಬದಲಾಯಿಸಿ ಕೊಡಿ.

ಅಂಕಿ ಓದೋಕೆ ಒಂದು ಚಿಕ್ಕ ಫಂಕ್ಷನ್ ಸಾಕು. ೦ಯಿಂದ ೯ರವರೆಗೆ ಎಲ್ಲಾ ಅಂಕಿಲೂ ಮೊದಲೆರಡು ಬೈಟ್ 224, 179, ಮೂರನೇದು 166ರಿಂದ 175. ಅನ್‌ಸೈನ್ಡ್ ಆಗೇ ಓದ್ತಾ, ಆ ಮೂರೂ ಸಾಲಾಗಿ ಸಿಕ್ರೆ ಮೂರನೇದ್ರಲ್ಲಿ 166 ಕಳೆದು ಮಾಮೂಲಿ ಅಂಕಿಯಾಗಿ ಬೇರೆ ಬಫರಿಗೆ ಹಾಕಿ, 3 ಬೈಟ್ ಮುಂದೆ ಹೋಗಿ. ಮಾಮೂಲಿ ಅಂಕಿ ಬಂದ್ರೆ ಹಾಗೇ ಹಾಕಿ, ಬೇರೆ ಏನ್ ಬಂದ್ರೂ ಆಗ್ಲಿಲ್ಲ ಅನ್ನಿ. ಆಮೇಲೆ ಮೊದಲನೇ ಉತ್ತರದ ಓದು_ಇಂಟ್‌ಗೆ ಕೊಡಿ.

ಇದನ್ನ ಹಾಕಿದ್ಮೇಲೂ ಕೆಲವು ಎಂಟ್ರಿ ವಾಪಸ್ ಬರ್ತವೆ, ನೋಡೋಕೆ ೧೨೫೦ ಥರಾನೇ ಇರುತ್ತೆ. ಜನ ಕನ್ನಡ ಸೊನ್ನೆ ಬದ್ಲು ಅನುಸ್ವಾರ ಒತ್ತಿರ್ತಾರೆ, ಅದು 224, 178, 130, ಬೇರೆನೇ ಅಕ್ಷರ. ಅದನ್ನೂ ಸೊನ್ನೆ ಅಂತ ತಗೊಳ್ಳೋ ಕೋಡ್ ಬರೀಬೇಡಿ, ಸಾಲಿನ ನಂಬರ್ ಹಾಕಿ ಎರರ್ ಪ್ರಿಂಟ್ ಮಾಡಿ, ಟೈಪ್ ಮಾಡಿದವ್ರೇ ಸರಿ ಮಾಡ್ಲಿ.